ಭಾವ ಕೊಂಡ ದುರ್ಬೀನು

ನಲವತ್ತೊಂಬತ್ತನೇ ವಯಸ್ಸಿನವರೆಗೆ ನಮ್ಮ ಭಾವನಿಗೆ ಹೊಟ್ಟೆಕಿಚ್ಚು ಅಂದರೆ ಏನೆಂದು ಗೊತ್ತಿರಲಿಲ್ಲ. ಅಕ್ಕನ ಗಂಡ ಅನ್ನುವ ಕಾರಣಕ್ಕೆ ಹೊಗಳುತ್ತಿಲ್ಲ, ಹೊಗಳುವ ಜಾಯಮಾನ ನನ್ನದಲ್ಲ. ಅವರದು ಗಡಿಯಾರ ರಿಪೇರಿ ಅಂಗಡಿ. ರಸ್ತೆಯ ಎದುರುಗಡೆ ಯಾರೋ ಗಾಜಿನ ಬಾಗಿಲಿನ ದೊಡ್ಡ ಗಡಿಯಾರದ ಅಂಗಡಿ ತೆರೆದು, ಇವರ ಗಿರಾಕಿಗಳು ಒಬ್ಬೊಬ್ಬರಾಗಿ ಆಚೆ ದಾಟಿದಾಗಲೂ "ಹೋಗ್ಲಿ ಬಿಡು, ಅವರೂ ಬದುಕ್ಬೇಕಲ್ಲ" ಅಂದ ಮನುಷ್ಯ. ನನಗೆ ಮೈಯೆಲ್ಲ ಉರಿದುಹೋಗಿತ್ತು. ಅವರು ಮಾತ್ರ ಬಲಗಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಅಜ್ಜನ ಕಾಲದ ಗಡಿಯಾರದ ಹೊಟ್ಟೆಯೊಳಗೆ ಇಣುಕುತ್ತಾ ಕೂತಿದ್ದರು.

ಅಂಥವರು ಒಂದು ದುರ್ಬೀನಿನ ದೆಸೆಯಿಂದ ಹೇಗೆ ಕೆಟ್ಟರು ಅನ್ನುವುದನ್ನು ನಾನೇ ಹೇಳಬೇಕು. ಅಕ್ಕ ಹೇಳುವುದಿಲ್ಲ, ಅವಳು ಗಂಡನನ್ನು ಯಾರ ಮುಂದೆಯೂ ಬಿಟ್ಟುಕೊಡುವವಳಲ್ಲ. ಭಾವನಂತೂ ಕೇಳಿದರೆ ಮಾತು ಬೇರೆ ಕಡೆ ತಿರುಗಿಸುತ್ತಾರೆ.

ಅವರ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿದೆ. ಎದ್ದು ನಿಂತರೆ ತಲೆ ತಾಗುತ್ತದೆ, ಆದ್ದರಿಂದ ದಿನವಿಡೀ ಕೂತೇ ಇರುತ್ತಾರೆ. ಪಕ್ಕದ್ದು ನನ್ನ ಜೆರಾಕ್ಸ್ ಅಂಗಡಿ. ನಡುವೆ ಒಂದು ಪ್ಲೈವುಡ್ ಗೋಡೆ, ಅದರಲ್ಲಿ ಕೈ ತೂರುವಷ್ಟು ಕಿಂಡಿ. ಆ ಕಿಂಡಿಯಲ್ಲಿ ಚಹಾದ ಲೋಟ, ಕತ್ತರಿ, ಚಿಲ್ಲರೆ, ಜಗಳ ಎಲ್ಲವೂ ಆಚೀಚೆ ಹೋಗಿ ಬರುತ್ತವೆ. ನಾನು ಗಂಡನ ಮನೆ ಬಿಟ್ಟು ಬಂದ ಮೇಲೆ ಈ ಅಂಗಡಿ ಹಾಕಿಸಿಕೊಟ್ಟವರು ಭಾವನೇ. ನನ್ನ ಗಂಡ ಕೆಟ್ಟವನೇನಲ್ಲ. ನಾನು ಎಲ್ಲಿಗೆ ಹೋದೆ, ಯಾರ ಜೊತೆ ಹೋದೆ, ಎಷ್ಟು ಹೊತ್ತಿಗೆ ಬಂದೆ ಅಂತ ಐದು ವರ್ಷದಲ್ಲಿ ಒಂದು ದಿನವೂ ಕೇಳಿದವನಲ್ಲ, ಅಷ್ಟೆ. ಬ್ಯಾಗು ತುಂಬಿಕೊಂಡು ಹೊರಟಾಗಲೂ ಟಿವಿಯಿಂದ ಕಣ್ಣು ತೆಗೆಯದೆ "ಬಾಗ್ಲು ಎಳ್ಕೊಂಡು ಹೋಗು" ಅಂದ.

ಇರಲಿ, ಭಾವನ ವಿಷಯಕ್ಕೆ ಬರುತ್ತೇನೆ. ಮೂವತ್ತು ವರ್ಷ ಒಂದೇ ಕಣ್ಣಿನಲ್ಲಿ ಕೆಲಸ ಮಾಡಿ ಅವರಿಗೊಂದು ಅಭ್ಯಾಸ ಅಂಟಿಕೊಂಡಿದೆ. ಯಾವುದನ್ನು ಗಮನವಿಟ್ಟು ನೋಡಿದರೂ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಕರೆಂಟ್ ಬಿಲ್ಲಾಗಲಿ, ಪೇಪರಾಗಲಿ, ಬಸ್ಸಿನ ಬೋರ್ಡಾಗಲಿ ಒಂದೇ ಕಣ್ಣು. ಮದುವೆಯ ಫೋಟೋದಲ್ಲೂ ಅಕ್ಕನ ಕಡೆ ಹಾಗೇ ನೋಡುತ್ತಿದ್ದಾರೆ. ಎಲ್ಲರೆದುರು ಕಣ್ಣು ಹೊಡೆಯುತ್ತಾನಲ್ಲ ಅಂತ ನಮ್ಮ ಚಿಕ್ಕಮ್ಮ ಎಷ್ಟೋ ದಿನ ಮುಖ ಊದಿಸಿಕೊಂಡಿದ್ದಳು. ಅವರಿಗೆ ಮಾತ್ರ ತಮ್ಮ ಕಣ್ಣು ಮುಚ್ಚಿರುವುದು ಇವತ್ತಿಗೂ ಗೊತ್ತಾಗುವುದಿಲ್ಲ.

ಅಕ್ಕ ಸಿಟಿ ಬಸ್ಸಿನ ಡ್ರೈವರ್. ಮೂರು ವರ್ಷದ ಹಿಂದೆ ಡಿಪೋದ ನೋಟಿಸ್ ಬೋರ್ಡಿನಲ್ಲಿ, ಆಸಕ್ತರಿಗೆ ಬಿಲ್ಲುಗಾರಿಕೆ ಕಲಿಸುತ್ತೇವೆ ಅಂತ ಒಂದು ಚೀಟಿ ಅಂಟಿಸಿದ್ದರು. ಇಪ್ಪತ್ತು ವರ್ಷ ಸ್ಟೇರಿಂಗ್ ತಿರುಗಿಸಿದ ಭುಜ, ಒಂದು ಕೈ ನೋಡೋಣ ಅಂತ ಹೋದವಳು ಅಲ್ಲೇ ಅಂಟಿಕೊಂಡಳು. ಬಸ್ಸು ತೊಳೆಯುವ ಜಾಗದಾಚೆ ಉದ್ದನೆಯ ಬಯಲು, ಕೊನೆಯಲ್ಲಿ ಹುಲ್ಲು ಒತ್ತಿ ಕಟ್ಟಿದ ದಪ್ಪ ಹಲಗೆ, ಅದರ ಮೇಲೆ ಬಣ್ಣದ ಕಾಗದ. ನಡುವೆ ಹಳದಿ, ಸುತ್ತ ಕೆಂಪು, ಆಮೇಲೆ ನೀಲಿ, ಕಪ್ಪು, ಬಿಳಿ. ಭಾನುವಾರ ಬೆಳಿಗ್ಗೆ ಅಕ್ಕ ಬಿಲ್ಲು ಹಿಡಿದು ಹೊರಟರೆ ಹಿಂದಿನಿಂದ ಭಾವ ಒಂದು ಸ್ಟೂಲು ಹಿಡಿದು ಹೊರಡುತ್ತಿದ್ದರು, ಅವರ ಹಿಂದೆ ಬರಿಗೈಯಲ್ಲಿ ನಾನು.

ಬಾಣ ಬಿಟ್ಟವರಿಗೆ ಅದು ಎಲ್ಲಿ ತಾಗಿತು ಅಂತ ಹಿಂದೆ ನಿಂತವರು ಹೇಳಬೇಕು. ಗುರಿಯನ್ನು ಗಡಿಯಾರ ಅಂದುಕೊಂಡು ಹೇಳುವುದು ಅಲ್ಲಿಯ ರೂಢಿ. ನೇರ ಮೇಲೆ ತಾಗಿದರೆ ಹನ್ನೆರಡು ಗಂಟೆ, ಬಲಕ್ಕೆ ತಾಗಿದರೆ ಮೂರು, ಕೆಳಗೆ ತಾಗಿದರೆ ಆರು. ಗಡಿಯಾರ ಅಂದ ಮೇಲೆ ನಮ್ಮ ಭಾವನನ್ನು ಕೇಳಬೇಕೆ! ಮಿಕ್ಕವರು ಬರೀ ಗಂಟೆ ಹೇಳಿದರೆ ಇವರು ನಿಮಿಷ ಸಮೇತ ಹೇಳತೊಡಗಿದರು. "ನಾಲ್ಕು ಇಪ್ಪತ್ತು, ಕೆಂಪು." ಅಂದರೆ ಚಿಕ್ಕ ಮುಳ್ಳು ನಾಲ್ಕು ದಾಟಿ ಐದರ ಕಡೆಗೆ ಸ್ವಲ್ಪ ಜಾರಿರುವ ಜಾಗ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕ ನಗಲಿಲ್ಲ. ಅಷ್ಟೇ ಅಷ್ಟು ಸರಿಮಾಡಿಕೊಂಡು ಮುಂದಿನ ಬಾಣವನ್ನು ಹಳದಿಗೆ ಹಾಕಿದಳು. ಆ ದಿನ ಭಾವ ಮನೆಗೆ ಬಂದು ಸ್ಟೂಲಿಗೆ ಎಣ್ಣೆ ಹಚ್ಚಿ ಒರೆಸಿದರು.

ಗುರಿ ಮೂವತ್ತು ಮೀಟರಿನಲ್ಲಿದ್ದಷ್ಟು ದಿನ ಎಲ್ಲ ಚೆನ್ನಾಗಿತ್ತು. ಅಕ್ಕ ಕೈ ಪಳಗಿ ಐವತ್ತು ಮೀಟರಿಗೆ ಹೋದಳು. ಅಲ್ಲಿಂದ ಭಾವನಿಗೆ ಬಾಣ ಕಾಣುವುದು ನಿಂತಿತು. ಕಾಣುವುದು ನಿಂತರೂ ಹೇಳುವುದು ನಿಲ್ಲಲಿಲ್ಲ. ಅಕ್ಕನ ಭುಜ ನೋಡಿ, ಬಾಣ ತಾಗಿದ ಸದ್ದು ಕೇಳಿ, ಒಂದು ಅಂದಾಜಿನ ಮೇಲೆ "ಎರಡು ಹತ್ತು, ಕೆಂಪು" ಅನ್ನುತ್ತಿದ್ದರು. ಹತ್ತರಲ್ಲಿ ನಾಲ್ಕು ಸರಿಯಾಗುತ್ತಿತ್ತು. ಅಕ್ಕನಿಗೆ ಗೊತ್ತಿತ್ತು, ಸುಮ್ಮನಿದ್ದಳು.

ಅದೇ ಹೊತ್ತಿಗೆ ಸರ್ವೆಯರ್ ಬಂದು ಸೇರಿಕೊಂಡರು. ಜಮೀನು ಅಳೆಯುವ ಕೆಲಸದವರು, ಐವತ್ತರ ಆಸುಪಾಸು, ಮಾತು ಮೆತ್ತಗೆ, ಇಸ್ತ್ರಿ ಮಾಡಿದ ಟೋಪಿ. ಅವರ ಹತ್ತಿರ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿದ ದುರ್ಬೀನು ಇತ್ತು. ಒಂದು ಭಾನುವಾರ ಭಾವ "ಎರಡು ಹತ್ತು, ಕೆಂಪು" ಅಂದಾಗ ಹಿಂದಿನಿಂದ ಮೆತ್ತಗೆ ದನಿ ಬಂತು. "ಬೇಜಾರು ಮಾಡ್ಕೋಬೇಡಿ. ಎಂಟು ಗಂಟೆ, ನೀಲಿ." ಎಲ್ಲರೂ ನಡೆದುಹೋಗಿ ನೋಡಿದರೆ ಎಂಟು ಗಂಟೆ, ನೀಲಿ. ಅಕ್ಕ ತಿರುಗಿ ಸರ್ವೆಯರ್‌ಗೆ "ಥ್ಯಾಂಕ್ಸ್ ಸರ್" ಅಂದಳು.

ಆ ಒಂದು ಥ್ಯಾಂಕ್ಸ್ ಭಾವನ ಹೊಟ್ಟೆಯಲ್ಲಿ ಹೋಗಿ ಕೂತಿತು. ಮಾರನೆಯ ದಿನದಿಂದ ಕಿಂಡಿಯಲ್ಲಿ ಚಹಾದ ಜೊತೆ ಸರ್ವೆಯರ್ ಬರತೊಡಗಿದರು.

"ಅವನ ಕೈಗಡಿಯಾರ ನೋಡಿದ್ಯಾ ನಕಲಮ್ಮ?" ಜೆರಾಕ್ಸ್ ಅಂಗಡಿ ಇಟ್ಟ ದಿನದಿಂದ ನಾನು ಅವರಿಗೆ ನಕಲಮ್ಮ. "ದಿನಕ್ಕೆ ಎರಡು ನಿಮಿಷ ಹಿಂದೆ ಓಡುತ್ತೆ. ಮೂರು ಭಾನುವಾರದಿಂದ ನೋಡ್ತಾ ಇದ್ದೀನಿ. ತನ್ನ ಟೈಮು ನೋಡ್ಕೊಳ್ಳೋಕೆ ಬರದವನು ಬೇರೆಯವರಿಗೆ ಗಂಟೆ ಹೇಳ್ತಾನಂತೆ!"

"ಪಾಪ, ಒಳ್ಳೆಯವರು ಭಾವ."

"ಒಳ್ಳೆಯವನೇ. ನಾನು ಕೆಟ್ಟವನು ಅಂದ್ನಾ? ಒಳ್ಳೆಯವನಾದ್ರೆ ದೂರದಲ್ಲಿ ನಿಂತು ಒಳ್ಳೆಯವನಾಗಿರ್ಲಿ."

ನಾನು ನಕ್ಕೆ. ಅವರ ಹೊಟ್ಟೆಕಿಚ್ಚು ನನಗೆ ಒಳ್ಳೆಯ ಮೋಜಾಗಿತ್ತು. ದಿನಕ್ಕೆರಡು ಬಾರಿ ನಾನೇ ಕೆದಕಿ ಗಾಳಿ ಹಾಕುತ್ತಿದ್ದೆ. "ಅಕ್ಕ ಇವತ್ತು ಸರ್ವೆಯರ್ ಬಗ್ಗೆ ಏನೋ ಹೇಳ್ತಿದ್ಲು" ಅಂದರೆ ಸಾಕು, ಕಿಂಡಿಯಾಚೆ ಸ್ಕ್ರೂಡ್ರೈವರ್ ನಿಲ್ಲುತ್ತಿತ್ತು.

ಕೊನೆಗೆ ಅವರು ತಾವೂ ಒಂದು ದುರ್ಬೀನು ಕೊಳ್ಳುವುದೆಂದು ನಿರ್ಧರಿಸಿದರು. ನನ್ನನ್ನೂ ಕರೆದುಕೊಂಡು ಹೋದರು. ಮೊದಲು ಹೋದದ್ದು ಆಟದ ಸಾಮಾನಿನ ದೊಡ್ಡ ಅಂಗಡಿಗೆ. ಅಲ್ಲಿ ನಿಂತಿದ್ದ ಹುಡುಗಿ ಚುರುಕಿನವಳು. ದುರ್ಬೀನಿನ ಮೇಲೆ ಎರಡು ಅಂಕಿ ಬರೆದಿರುತ್ತದೆ, ಮೊದಲನೆಯದು ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಅಂತ, ಎರಡನೆಯದು ಮುಂದಿನ ಗಾಜಿನ ಅಗಲ ಎಷ್ಟು ಅಂತ, ಎಂದು ಬಿಡಿಸಿ ಹೇಳಿದಳು.

"ಹತ್ತು ಪಟ್ಟಿಂದು ಒಬ್ಬರ ಹತ್ರ ಇದೆ," ಅಂದರು ಭಾವ. "ನನಗೆ ಇಪ್ಪತ್ತು ಪಟ್ಟಿಂದು ಕೊಡಮ್ಮ."

"ಏನು ನೋಡೋಕೆ ಸರ್?"

"ಬಾಣ ನೋಡೋಕೆ. ಐವತ್ತು ಮೀಟರು."

"ಅಯ್ಯೋ, ಅದಕ್ಕೆ ಎಂಟು ಸಾಕು ಸರ್. ಕೈಯಲ್ಲಿ ಹಿಡ್ಕೊಂಡು ನೋಡೋದಾದ್ರೆ ಹತ್ತರ ಮೇಲೆ ಹೋಗ್ಲೇಬೇಡಿ. ಕೈ ನಡುಗೋದೂ ಇಪ್ಪತ್ತು ಪಟ್ಟು ಕಾಣುತ್ತೆ."

"ನನ್ನ ಕೈ ನಡುಗುತ್ತಾ?" ಕೂದಲಿಗಿಂತ ಸಣ್ಣ ತಂತಿಯನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಮನುಷ್ಯ, ರೋಷ ಬಂತು. ಇಪ್ಪತ್ತು ಪಟ್ಟಿನದನ್ನೇ ಕಣ್ಣಿಗೆ ಹಿಡಿದು ಬಾಗಿಲಾಚೆ ನೋಡಿದರು. ಒಂದು ನಿಮಿಷ ನೋಡಿ ಕೆಳಗಿಟ್ಟರು. "ಎದುರುಗಡೆ ಬೋರ್ಡು ಕುಣೀತಾ ಇದೆ" ಅಂತ ನನ್ನ ಕಿವಿಯಲ್ಲಿ ಹೇಳಿದರು. ಅವಳು ತೋರಿಸಿದ ಎಂಟು ಪಟ್ಟಿನದು ಹಗುರವಾಗಿತ್ತು, ಸ್ಫಟಿಕದ ಹಾಗೆ ಕಾಣುತ್ತಿತ್ತಂತೆ. ಬೆಲೆ ಚೀಟಿ ನೋಡಿ ಅವರ ಎಡಗಣ್ಣು ಮುಚ್ಚಿಕೊಂಡಿತು, ಅಲ್ಲಿಂದ ಹೊರಟೆವು.

ಫುಟ್‌ಪಾತಿನ ಅಂಗಡಿಯಲ್ಲಿ ಅಗ್ಗದವು ರಾಶಿ ಬಿದ್ದಿದ್ದವು. ಮುಂದಿನ ಗಾಜಿಗೆ ಮಾಣಿಕ್ಯದಂಥ ಕೆಂಪು ಬಣ್ಣ, ನೋಡಲು ಭಾರಿ ಸೊಗಸು. ಆದರೆ ಅದರಲ್ಲಿ ನೋಡಿದರೆ ಲೋಕವೆಲ್ಲ ಪಾಚಿಗಟ್ಟಿದಂತೆ. ಹಳದಿ ಯಾವುದು ಬಿಳಿ ಯಾವುದು ಅಂತಲೇ ತಿಳಿಯಲಿಲ್ಲ. "ಗುರಿಯ ನಡು ಯಾವುದು ಅಂಚು ಯಾವುದು ಅಂತ ಗೊತ್ತಾಗ್ದೇ ಇದ್ರೆ ಇದನ್ನ ಕಟ್ಕೊಂಡು ಏನು ಮಾಡ್ಲಿ?" ಅಂತ ಭಾವ ಅದನ್ನೂ ಬಿಟ್ಟರು.

ಮುಂದಿನ ವಾರ ಹಳೆಯ ಕ್ಯಾಮೆರಾ ರಿಪೇರಿ ಮಾಡುವ ಒಬ್ಬ ಅಜ್ಜನ ಅಂಗಡಿಯಲ್ಲಿ ಅದು ಸಿಕ್ಕಿತು. ಎಂಟು ಪಟ್ಟಿನದು, ಎರಡು ಕಣ್ಣಿಗೆ ಎರಡು ಕೊಳವೆ, ಅಗಲ ಗಾಜು, ಕಪ್ಪು ಚರ್ಮದ ಪೆಟ್ಟಿಗೆ, ಕೈಗೆ ಹಿತವಾದ ಭಾರ. ಯಾರೋ ಬಳಸಿ ಮಾರಿದ್ದು.

"ಸೆಕೆಂಡ್ ಹ್ಯಾಂಡು," ಅಂದ ಅಜ್ಜ. "ಯಾರ ಕೈಯಿಂದ ಎಲ್ಲಿ ಬಿದ್ದಿದ್ಯೋ ನನಗೆ ಗೊತ್ತಿಲ್ಲ. ಚೆನ್ನಾಗಿ ನೋಡಿ ತಗೊಳ್ಳಿ. ಆಮೇಲೆ ವಾಪಸ್ ತಗೊಳ್ಳಲ್ಲ."

ಭಾವ ಚೆನ್ನಾಗಿಯೇ ನೋಡಿದರು. ಕಾಲು ಗಂಟೆ ನೋಡಿದರು. ರಸ್ತೆಯ ಕೊನೆಯಲ್ಲಿ ನಿಂತಿದ್ದ ಲಾರಿಯ ನಂಬರ್ ಓದಿದರು, ಬ್ಯಾಂಕಿನ ಗೋಡೆ ಗಡಿಯಾರ ಮೂರು ನಿಮಿಷ ಮುಂದಿದೆ ಅಂದರು, ತಿರುಪು ತಿರುಗಿಸಿ ನೋಡಿ ಹಲ್ಲು ಸವೆದಿಲ್ಲ ಅಂದರು. ನಾನೂ ನೋಡುತ್ತೇನೆ ಅಂದರೆ ಕೊಡಲಿಲ್ಲ. "ಬೆರಳಿನ ಗುರುತು ಬೀಳುತ್ತೆ, ನಿನ್ನ ಕೈ ತುಂಬಾ ಇಂಕು." ಚೌಕಾಸಿ ಮಾಡಿ, ಅಜ್ಜನಿಗೆ ಸಾಕುಸಾಕಾಗಿಸಿ, ಪೆಟ್ಟಿಗೆ ಎದೆಗವಚಿಕೊಂಡು ಹೊರಗೆ ಬಂದರು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಿಲ್ಲ.

ಭಾನುವಾರ ಭಾವನದೇ ದರ್ಬಾರು. ಅಕ್ಕ ಬಿಟ್ಟ ಮೊದಲ ಬಾಣಕ್ಕೇ "ಹತ್ತು ನಲವತ್ತು, ಕೆಂಪು, ಹೊರಗೆರೆ ಮುಟ್ಟಿದೆ" ಅಂದರು. ಹೋಗಿ ನೋಡಿದರೆ ಹಾಗೇ ಇತ್ತು. ಸರ್ವೆಯರ್ ತಲೆಯಾಡಿಸಿ "ಒಳ್ಳೆ ಗ್ಲಾಸು" ಅಂದರು. ಅಷ್ಟಕ್ಕೆ ಬಿಟ್ಟಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಭಾವನಿಗೆ ಬರೀ ಹೇಳಿದರೆ ಸಾಲದು, ಅಕ್ಕ ತನ್ನ ದುರ್ಬೀನಿನಲ್ಲೇ ನೋಡಬೇಕು, ಅದನ್ನು ಸರ್ವೆಯರ್ ನೋಡಬೇಕು. ಪ್ರತಿ ಬಾಣಕ್ಕೂ "ನೀನೇ ನೋಡು, ನೋಡೇ, ಎಷ್ಟು ಸ್ಪಷ್ಟ ಇದೆ ನೋಡು" ಅಂತ ಅವಳ ಕೈಗೆ ತುರುಕುವರು. ಅಕ್ಕ ನೋಡಿ, ಒಂದು ಗಳಿಗೆ ತಡೆದು, "ಚೆನ್ನಾಗಿದೆ ರೀ" ಅನ್ನುವಳು. ಆಮೇಲೆ ಹುಬ್ಬಿನ ನಡುವೆ ಬೆರಳಿಟ್ಟು ಒತ್ತಿಕೊಳ್ಳುವಳು.

ಮೂರು ವಾರ ಹೀಗೇ ನಡೆಯಿತು. ಅಕ್ಕನ ಬಾಣಗಳು ಕೆಂಪು ಬಿಟ್ಟು ನೀಲಿಗೆ, ನೀಲಿ ಬಿಟ್ಟು ಕಪ್ಪಿಗೆ ಹೋಗತೊಡಗಿದವು. ಡಿಪೋಗಳ ನಡುವಿನ ಪಂದ್ಯಕ್ಕೆ ಒಂದು ತಿಂಗಳಷ್ಟೇ ಉಳಿದಿತ್ತು. ಭಾವ "ಬಿಲ್ಲಿನ ದಾರ ಸಡಿಲ ಆಗಿರ್ಬೇಕು" ಅಂದರು.

ನಾಲ್ಕನೆಯ ಭಾನುವಾರ ಅವರು ನೀರು ತುಂಬಿಸಲು ನಲ್ಲಿಯ ಕಡೆ ಹೋಗಿದ್ದರು. ಬಾಟಲಿ ತುಂಬಿಸಿ ತಿರುಗಿದವರು ಹಾಗೇ ನಿಂತರು. ಅಕ್ಕ ಸರ್ವೆಯರ್‌ನ ದುರ್ಬೀನಿಗೆ ಬಗ್ಗಿ ಕಣ್ಣಿಟ್ಟು ನೋಡುತ್ತಿದ್ದಳು. ಪಕ್ಕದಲ್ಲಿ ಸರ್ವೆಯರ್ ಮೆತ್ತಗೆ ಏನೋ ಹೇಳಿದರು, ಅವಳು ನಕ್ಕಳು. ಭಾವನ ಕೈಯಲ್ಲಿ ಬಾಟಲಿ ತುಳುಕಿ ಪ್ಯಾಂಟೆಲ್ಲ ನೆನೆಯುತ್ತಿತ್ತು. ಅವರು ಹತ್ತಿರ ಬರುವಷ್ಟರಲ್ಲಿ ಅಕ್ಕ ತನ್ನ ಜಾಗಕ್ಕೆ ಬಂದು ಏನೂ ಆಗದವಳಂತೆ ನಿಂತಿದ್ದಳು. ಆ ನಿಂತದ್ದೇ ತಪ್ಪಾಯಿತು. ನೋಡಿದೆ ಅಂದಿದ್ದರೆ ಅಷ್ಟು ಉರಿಯುತ್ತಿರಲಿಲ್ಲವೇನೋ.

ಅಂದಿನಿಂದ ಭಾವ ಮನೆಯಲ್ಲಿ ಮಾತು ಬಿಟ್ಟರು. ನನ್ನ ಜೊತೆ ಮಾತ್ರ ಕಿಂಡಿಯಲ್ಲಿ ಒಂದೇ ರಾಗ. "ನಕ್ಕಳು ಕಣೇ. ಇಪ್ಪತ್ತೊಂದು ವರ್ಷದಿಂದ ನೋಡ್ತಾ ಇದ್ದೀನಿ, ನನಗೆ ಆ ನಗು ಗೊತ್ತು. ನಾನೇನು ಕಮ್ಮಿ ಮಾಡಿದ್ದೆ? ಗ್ಲಾಸು ತರ್ಲಿಲ್ವಾ?" ನನಗೆ ಮೊದಲ ಸಲ ಮೋಜು ಅನ್ನಿಸಲಿಲ್ಲ. ಅಕ್ಕನನ್ನು ಕೇಳಿದರೆ "ನೀನು ಸುಮ್ನಿರೇ, ನಿನ್ನ ಕೆಲಸ ನೋಡ್ಕೋ" ಅಂತ ಬಾಯಿ ಮುಚ್ಚಿಸಿದಳು.

ಆ ವಾರ ಪಂದ್ಯದ ಅರ್ಜಿ ಬಂತು. ಅದರಲ್ಲಿ ಒಂದು ಸಾಲು: ಜೊತೆಗೆ ನಿಲ್ಲುವವರ ಹೆಸರು, ಒಬ್ಬರಿಗೆ ಮಾತ್ರ ಅವಕಾಶ. ಹೆಸರು ಕೊಟ್ಟವರಿಗೆ ಒಂದು ಬಿಲ್ಲೆ ಸಿಗುತ್ತದೆ, ಬಿಲ್ಲೆ ಇದ್ದವರು ಮಾತ್ರ ಹಗ್ಗದ ಒಳಗೆ ಹೋಗಬಹುದು. ಅಕ್ಕ ಊಟದ ಬಿಡುವಿನಲ್ಲಿ ಖಾಕಿ ಅಂಗಿಯಲ್ಲೇ ನೇರ ಭಾವನ ಅಂಗಡಿಗೆ ಬಂದಳು. ನಾನು ಕಿಂಡಿಗೆ ಕಿವಿ ಕೊಟ್ಟೆ.

"ಈ ಸಾಲು ಒಂದು ಬಾಕಿ ಇದೆ," ಅಂದಳು.

"ಅವನ ಹೆಸರೇ ಬರ್ಕೋ," ಅಂದರು ಭಾವ ತಲೆ ಎತ್ತದೆ. "ನನ್ನ ಗ್ಲಾಸು ನಿನಗೆ ಹಿಡಿಸಲ್ಲ. ನಾನೂ ಹಿಡಿಸ್ತಾ ಇಲ್ವೇನೋ."

"ಏನು ಮಾತಾಡ್ತಾ ಇದ್ದೀರಿ ನೀವು?"

"ಕಣ್ಣಾರೆ ನೋಡಿದ್ದನ್ನ ಮಾತಾಡ್ತಾ ಇದ್ದೀನಿ."

ಅಕ್ಕನ ಗೇರು ಬದಲಾಯಿತು. "ಕಣ್ಣಾರೆ ಅಂತೆ! ನಿಮ್ಮ ಗ್ಲಾಸಲ್ಲಿ ನನಗೆ ಎರಡೆರಡು ಗುರಿ ಕಾಣುತ್ತೆ ರೀ. ಒಂದರ ಮೇಲೊಂದು, ಓರೆಯಾಗಿ. ಅದನ್ನ ನೋಡಿ ನೋಡಿ ತಲೆ ಸಿಡಿದು, ಮುಂದಿನ ಬಾಣ ಎಲ್ಲಿಗೆ ಬಿಡ್ಬೇಕು ಅಂತಾನೇ ತಿಳಿಯಲ್ಲ."

"ಎರಡಾ? ಸುಳ್ಳು." ಪೆಟ್ಟಿಗೆ ತೆಗೆದ ಸದ್ದಾಯಿತು. ನಾನು ಮೆಷಿನ್ ಆಫ್ ಮಾಡಿ ಆ ಕಡೆ ಓಡಿದೆ. ಭಾವ ದುರ್ಬೀನು ಹಿಡಿದು, ಎದುರಿನ ದೊಡ್ಡ ಅಂಗಡಿಯ ಬಾಗಿಲ ಮೇಲಿನ ಗಡಿಯಾರ ನೋಡುತ್ತಿದ್ದರು. "ಒಂದೇ ಇದೆ. ಒಂದೂ ಐದು. ಅಚ್ಚುಕಟ್ಟಾಗಿ ಒಂದೇ ಇದೆ."

ಪಕ್ಕದಿಂದ ಅವರ ಮುಖ ನೋಡಿದೆ. ಎಡಗಣ್ಣಿನ ರೆಪ್ಪೆ ಬಿಗಿಯಾಗಿ ಮುಚ್ಚಿತ್ತು. ಆಗ ನನಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಆ ಅಜ್ಜನ ಅಂಗಡಿಯಲ್ಲಿ ಕಾಲು ಗಂಟೆ ನೋಡಿದ್ದೂ ಹೀಗೇ ಇರಬೇಕು. ನಾನು ಪಕ್ಕದಲ್ಲೇ ನಿಂತಿದ್ದೆನಲ್ಲ!

"ಭಾವ, ಎಡಗಣ್ಣು ಬಿಡಿ."

"ಬಿಟ್ಟೇ ಇದೆ."

ನಾನು ಇಂಕಿನ ಬೆರಳಿನಿಂದಲೇ ಅವರ ರೆಪ್ಪೆಯನ್ನು ಮೇಲೆತ್ತಿ ಹಿಡಿದೆ. ಅವರು ದುರ್ಬೀನನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗಿಸಿದರು. ನಾನು ಇಸಿದುಕೊಂಡು ನೋಡಿದೆ. ಎದುರು ಅಂಗಡಿಗೆ ಎರಡು ಗಡಿಯಾರ, ಎರಡು ಬಾಗಿಲು. ಯಾವಾಗಲೋ ಬಿದ್ದು ಎಡಗಡೆಯ ಕೊಳವೆ ಓರೆಯಾಗಿತ್ತು.

ಭಾವ ಮೊದಲು ಕೇಳಿದ್ದು ದುರ್ಬೀನಿನ ವಿಷಯವಲ್ಲ. "ಅವನಿಗೆ ಗೊತ್ತಾ ಇದು?"

"ಗೊತ್ತು," ಅಂದಳು ಅಕ್ಕ. "ತಲೆ ಒತ್ಕೊಳ್ತಾ ಇದ್ದದ್ದು ನೋಡಿ ಕೇಳಿದ್ರು, ಹೇಳ್ದೆ."

"ಅವನಿಗೆ ಹೇಳ್ದೆ. ನನಗೆ ಹೇಳ್ಲಿಲ್ಲ."

"ಹೆಂಗೆ ಹೇಳ್ಲಿ? ಅಂಗಡಿ ಇಟ್ಟಾಗಲೂ ನಿಮ್ಮ ಮುಖ ಅಷ್ಟು ಅರಳಿರ್ಲಿಲ್ಲ." ಅವಳ ಕಣ್ಣು ತುಂಬಿತು, ಕೂಡಲೇ ಸಿಟ್ಟೂ ಬಂತು. "ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ದಿದ್ರೆ ನೀವೇ ಬರೀರಿ, ಯಾರ ಹೆಸರು ಬೇಕೋ." ಅರ್ಜಿಯನ್ನು ಗಡಿಯಾರಗಳ ನಡುವೆ ಇಟ್ಟು ಬಸ್ಸಿಗೆ ಹೊರಟುಹೋದಳು.

ಸಂಜೆ ಕಿಂಡಿಯಲ್ಲಿ ಅರ್ಜಿ ಬಂತು. "ಎರಡು ಕಾಪಿ ತೆಗಿ." ನೋಡಿದೆ. ಆ ಸಾಲಿನಲ್ಲಿ ಭಾವನ ದುಂಡು ಅಕ್ಷರದಲ್ಲಿ ಸರ್ವೆಯರ್ ಹೆಸರು.

"ಮೆಷಿನ್ ಕೆಟ್ಟಿದೆ ಭಾವ," ಅಂದೆ.

"ಕೆಟ್ಟಿದ್ರೆ ಸದ್ದು ಬೇರೆ ಇರುತ್ತೆ. ತೆಗಿ."

"ಹೊಟ್ಟೆಕಿಚ್ಚಿಗೆ ಬರೆದ್ರಾ, ಅಕ್ಕ ಗೆಲ್ಲಲಿ ಅಂತ ಬರೆದ್ರಾ?"

"ಎರಡಕ್ಕೂ," ಅಂದರು. ಅಷ್ಟು ನಿಜವನ್ನು ಅವರ ಬಾಯಿಂದ ನಾನು ಕೇಳಿದ್ದಿಲ್ಲ. ಕಾಪಿ ತೆಗೆದುಕೊಟ್ಟೆ.

ಪಂದ್ಯದ ದಿನ ಬರುವುದಿಲ್ಲ ಅಂದಿದ್ದರು. ನೋಡಿದರೆ, ಹೊರಟ ಬಸ್ಸಿನ ಕೊನೆಯ ಸೀಟಿನಲ್ಲಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ದುರ್ಬೀನಿನ ಎಡಗಾಜಿಗೆ ಕಪ್ಪು ಟೇಪು ಮೆತ್ತಿತ್ತು. "ನನಗೆ ಒಂದೇ ಸಾಕು" ಅಂದರು, ನಾನು ಕೇಳದಿದ್ದರೂ.

ಮೈದಾನದಲ್ಲಿ ಬಿಲ್ಲುಗಾರರ ಸಾಲು, ಅವರ ಹಿಂದೆ ಹಗ್ಗ, ಹಗ್ಗದ ಹಿಂದೆ ಜನ ಕೂರುವ ಸಿಮೆಂಟಿನ ಮೆಟ್ಟಿಲು. ನಾವು ಮೂರನೇ ಮೆಟ್ಟಿಲಿನಲ್ಲಿ ಕೂತೆವು. ಹಗ್ಗದೊಳಗೆ ಸರ್ವೆಯರ್ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು, ಸ್ಟ್ಯಾಂಡು ಹೂಡಿ ನಿಂತಿದ್ದರು. ಅಕ್ಕ ಮೊದಲ ಬಾಣ ಬಿಟ್ಟಳು. ಸರ್ವೆಯರ್ ಬಗ್ಗಿ ನೋಡಿ ಏನೋ ಹೇಳಿದರು. ಎರಡನೆಯದು ಬಿಟ್ಟಳು, ಮತ್ತೆ ಹೇಳಿದರು. ಎರಡೂ ನೀಲಿ. ಅಕ್ಕ ಹಿಂದಕ್ಕೆ ತಿರುಗಿದಳು.

"ನೋಡು, ಹೇಗೆ ನೋಡ್ತಾ ಇದ್ದಾಳೆ ಅವನನ್ನ," ಅಂದರು ಭಾವ.

ಆದರೆ ಅಕ್ಕ ನೋಡುತ್ತಿದ್ದುದು ಸರ್ವೆಯರ್‌ನನ್ನಲ್ಲ. ಅವರ ಟೋಪಿಯ ಮೇಲಿಂದ ಮೆಟ್ಟಿಲ ಸಾಲುಗಳನ್ನು ಒಂದೊಂದಾಗಿ ಹುಡುಕುತ್ತಿದ್ದಳು. ನಮ್ಮನ್ನು ಕಂಡಳು. ಬಿಲ್ಲನ್ನು ತೋಳಿಗೆ ಒರಗಿಸಿಕೊಂಡು, ಬಲಗೈ ಬೆರಳಿನಿಂದ ತನ್ನ ಎಡ ಮಣಿಕಟ್ಟನ್ನು ಎರಡು ಸಲ ತಟ್ಟಿದಳು. ಬಸ್‌ಸ್ಟಾಪಿನಲ್ಲಿ ಅಪರಿಚಿತರನ್ನು ಟೈಮೆಷ್ಟು ಅಂತ ಕೇಳುತ್ತೇವಲ್ಲ, ಹಾಗೆ.

ಭಾವ ಗಕ್ಕನೆ ಎದ್ದರು. ದುರ್ಬೀನು ಬಲಗಣ್ಣಿಗೆ ಹಿಡಿದು ಒಂದು ಗಳಿಗೆ ನೋಡಿ, ಅದನ್ನು ಪಟ್ಟಿಯಲ್ಲಿ ಎದೆಗೆ ನೇತಾಡಲು ಬಿಟ್ಟು, ಎರಡೂ ತೋಳು ಚಾಚಿದರು. ಒಂದು ತೋಳು ಮೊಣಕೈಯಲ್ಲಿ ಮಡಚಿ ಚಿಕ್ಕ ಮುಳ್ಳು ಮಾಡಿದ್ದರು, ಇನ್ನೊಂದು ನೆಟ್ಟಗೆ ದೊಡ್ಡ ಮುಳ್ಳು. ಏಳು ಗಂಟೆ ಇಪ್ಪತ್ತು ನಿಮಿಷ. ಎದುರು ನಿಂತವಳಿಗೆ ಸರಿಯಾಗಿ ಕಾಣುವಂತೆ ಎಡಬಲ ಅದಲುಬದಲು ಮಾಡಿದ್ದರು. ಅದಕ್ಕವರು ಯೋಚಿಸಲೂ ಇಲ್ಲ, ಮೂವತ್ತು ವರ್ಷ ಗಡಿಯಾರಗಳನ್ನು ಹಿಂದಿನಿಂದ ನೋಡಿದ ಮನುಷ್ಯ. ಹಿಂದಿನ ಸಾಲಿನವರು "ಕೂತ್ಕೊಳ್ರೀ, ವ್ಯಾಯಾಮ ಮನೇಲಿ ಮಾಡಿ" ಅಂತ ಕೂಗಿದರು. ಅಕ್ಕ ತಿರುಗಿ, ಅಷ್ಟೇ ಅಷ್ಟು ಸರಿಮಾಡಿಕೊಂಡು, ಬಾಣ ಬಿಟ್ಟಳು. ಹಳದಿ.

ಸುತ್ತು ಮುಗಿದ ಮೇಲೆ ಸರ್ವೆಯರ್ ಮೆಟ್ಟಿಲು ಹತ್ತಿ ಬಂದು ಬಿಲ್ಲೆ ಕಳಚಿ ಭಾವನ ಮುಂದೆ ಹಿಡಿದರು. "ಅಧಿಕಾರಿಗಳ ಹತ್ರ ಕೇಳಿದ್ದೀನಿ, ಬದಲಾಯಿಸ್ಬಹುದಂತೆ. ನೀವೇ ಹೋಗಿ. ನಾನು ಹೇಳಿದ್ದು ಅವರ ಕಿವಿಗೆ ಬೀಳ್ತಾನೇ ಇಲ್ಲ."

ಭಾವ ಬಿಲ್ಲೆ ತೆಗೆದುಕೊಂಡರು. ಥ್ಯಾಂಕ್ಸ್ ಹೇಳಬಹುದಿತ್ತು. "ನಿಮ್ಮ ಗಡಿಯಾರ ದಿನಕ್ಕೆ ಎರಡು ನಿಮಿಷ ಹಿಂದೆ ಓಡುತ್ತೆ" ಅಂತಷ್ಟೇ ಹೇಳಿ, ಎರಡೆರಡು ಮೆಟ್ಟಿಲು ಹಾರುತ್ತಾ ಕೆಳಗಿಳಿದರು.

ಸರ್ವೆಯರ್ ನನ್ನ ಪಕ್ಕದಲ್ಲಿ ಕೂತರು. ಕೆಳಗೆ ಭಾವ ಅಕ್ಕನ ಹಿಂದೆ ಹೋಗಿ ನಿಂತು ಏನೋ ಹೇಳಿದರು. ಅಕ್ಕ ತಿರುಗಿ ನೋಡಲಿಲ್ಲ, ಬರೀ ತಲೆಯಾಡಿಸಿದಳು. "ಅವರು ಯಾವಾಗಲೂ ಹೀಗೇನಾ?" ಅಂತ ಕೇಳಿದರು ಸರ್ವೆಯರ್. "ಹೀಗೇ" ಅಂದೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೆಳಗೇ ನೋಡುತ್ತಾ ಕೂತರು. ಅವರ ಮುಖ ನೋಡಿ ನನಗೆ ಅರ್ಥವಾಯಿತು, ಯಾಕೆಂದರೆ ಆ ಹೊತ್ತಿಗೆ ನನ್ನ ಮುಖವೂ ಹಾಗೇ ಇದ್ದಿರಬೇಕು. ತಿಂಗಳುಗಟ್ಟಲೆ ಭಾವನ ಹೊಟ್ಟೆಕಿಚ್ಚಿಗೆ ಗಾಳಿ ಹಾಕಿ ನಕ್ಕವಳು ನಾನು. ಎಲ್ಲಿಗೆ ಹೋದೆ ಅಂತಲೂ ಕೇಳದವನನ್ನು ಬಿಟ್ಟು ಬಂದ ನನಗೆ ಈಗ ಅಕ್ಕನ ಮೇಲೆ ಹೊಟ್ಟೆ ಉರಿಯುತ್ತಿತ್ತು.